ಅಕ್ಕ ಅಂತ ಬರೆದ ತಟ್ಟೆ

ಅಗೋ, ಒಂದು ಕೋಶದ ನಡು ಬಿಗಿಯುತ್ತಿದೆ, ಸೂಕ್ಷ್ಮದರ್ಶಕದ ಬೆಳಕಿನ ನಟ್ಟನಡುವೆ, ದಾರ ಕಟ್ಟಿ ಎಳೆದ ಹಾಗೆ, ನಿಲ್ಲು ಅಂದೆ, ನಿಲ್ಲಲಿಲ್ಲ, ಎರಡಾಯಿತು — ಔಷಧಿ ಕುಡಿಸಿದ್ದೀನಿ, ಇಷ್ಟು ಹೊತ್ತಿಗೆ ಸತ್ತು ತಳ ಬಿಟ್ಟು ತೇಲಬೇಕಿತ್ತು, ಅಕ್ಕನವೇ ಅಲ್ವಾ, ಹೇಳಿದ ಮಾತು ಯಾವತ್ತು ಕೇಳಿದಾಳೆ, ಅವಳ ಹೊಟ್ಟೆಯ ಗಡ್ಡೆಯಿಂದ ತೆಗೆದ ಚೂರು, ಈ ಗಾಜಿನ ತಟ್ಟೆಯಲ್ಲಿ ಬೆಚ್ಚಗಿಟ್ಟು ಸಾಕಿದೋಳು ನಾನೇ, ರೋಗಿಯ ನಂಬರು ಬರೀಬೇಕಾದ ಕಡೆ ಅಕ್ಕ ಅಂತ ಬರೆದಿದ್ದೀನಿ, ಅಕ್ಕನನ್ನೇ ಇಷ್ಟು ಚೆನ್ನಾಗಿ ನೋಡಿಕೊಂಡಿಲ್ಲ. ಕೈನೇಸ್ ಅಂತ ಒಂದು ಪ್ರೋಟೀನ್ ಕುಟುಂಬ, ಕೋಶ ಯಾವಾಗ ಒಡೆದು ಎರಡಾಗಬೇಕು ಅಂತ ಅಪ್ಪಣೆ ಕೊಡೋರು, ನಮ್ಮ ಔಷಧಿ ಅವರಲ್ಲಿ ದೊಡ್ಡವನ ಬಾಯಿ ಕಟ್ಟುತ್ತೆ, ಅಷ್ಟರಲ್ಲಿ ಚಿಕ್ಕವನು ಎದ್ದು ನಿಂತು ಒಡೀರಿ ಅಂತಾನೆ, ಥೇಟ್ ನಮ್ಮ ಮನೆ, ಅಮ್ಮ ಹಾಸಿಗೆ ಹಿಡಿದು ದನಿ ಕುಗ್ಗಿದ ದಿನವೇ ಅಕ್ಕನ ದರ್ಬಾರು ಶುರು.

ಈ ಲ್ಯಾಬಿನ ಎದುರಿನ ಆಸ್ಪತ್ರೆಯಲ್ಲಿ ಇದೇ ಪ್ರಯೋಗದ ಔಷಧಿ ಅವಳ ನರಕ್ಕೆ ಇಳಿಯುತ್ತಿದೆ, ಗಡ್ಡೆ ಜಗ್ಗಲಿಲ್ಲ, ಕೂದಲು ಹೋಯಿತು, ಬಾಯಿ ತುಂಬ ಹುಣ್ಣು, ನೀರು ಕುಡಿದರೂ ವಾಂತಿ, ಸಾಕು ಬಿಡೇ, ಮನೇಗೆ ಹೋಗೋಣ, ಇರೋಷ್ಟು ದಿನ ನೆಮ್ಮದಿಯಾಗಿರು ಅಂತಾರೆ ಭಾವ, ಇವಳು, ತಂಗಿ ಏನಂತಾಳೋ ನೋಡೋಣ ತಡೀರಿ — ಇಗೋ ಫೋನು, ಏನೇ, ಸಾಯ್ತಿವೆಯಾ, ದನಿಯಲ್ಲಿ ಪಸೆಯಿಲ್ಲ, ಇಲ್ಲ ಅಕ್ಕ, ಒಂದೂ ಸಾಯ್ತಿಲ್ಲ, ಮನೇಗೆ ಹೋಗು ಅಂತ ನಾಲಿಗೆ ತುದಿಗೆ ಬಂದಿತ್ತು, ಅಷ್ಟರಲ್ಲಿ ನೆನಪಾಯಿತು, ಓದೋವಾಗ ಹಾಸ್ಟೆಲಿಗೆ ಅಕ್ಕ ಮಾಡಿದ ಆ ಫೋನು, ಅಮ್ಮ ಚೆನ್ನಾಗಿದ್ದಾಳೆ ಕಣೇ, ನೀನು ಓದ್ಕೋ, ಇದೇ ದನಿ, ಆಗ ಎಷ್ಟು ಗಟ್ಟಿ, ಪರೀಕ್ಷೆ ಮುಗಿಸಿ ಕುಣಿದುಕೊಂಡು ಹೋದರೆ ಬಾಗಿಲಲ್ಲಿ ಚಪ್ಪಲಿ ರಾಶಿ, ಅಮ್ಮನ ಮಂಚ ಖಾಲಿ, ಅಂತ್ಯಕ್ರಿಯೆ ಎಲ್ಲಾ ಮುಗಿಸಿ ಕೈ ತೊಳೆದುಕೊಂಡಿದ್ದರು, ನಿನ್ನ ಒಳ್ಳೇದಕ್ಕೇ ಹೇಳಲಿಲ್ಲ ಅಂದಳು, ಅಮ್ಮ ನನ್ನ ಕೇಳಿದಳಾ ಅಂದರೆ, ಕೇಳ್ತಾನೇ ಇದ್ದಳು ಬಿಡು, ಬಿಡು ಅಂತೆ, ಬಿಡು! — ಸಾಯ್ತಿವೆ ಅಕ್ಕ, ಅಂದೆ, ಒಂದೂ ಉಳಿದಿಲ್ಲ. ನಿನ್ನ ಒಳ್ಳೇದಕ್ಕೇ ಕಣೇ ಅಕ್ಕ. ಆ ಕಡೆ ಅಳು, ನಗು, ರೀ ಕೇಳಿದ್ರಾ, ನನ್ನ ತಂಗಿ ಸುಳ್ಳು ಹೇಳೋಳಲ್ಲ, ಇನ್ನೊಂದು ಸುತ್ತು ಔಷಧಿ ಹಾಕಿಸ್ಕೊಳ್ತೀನಿ, ಹೋಗಿ ಡಾಕ್ಟರಿಗೆ ಹೇಳಿ ಬನ್ನಿ, ಭಾವ ಕಾಲೆಳೆಯುತ್ತ ಹೋದ ಸದ್ದು, ಕೂಗಬಹುದು, ಭಾವ ನಿಲ್ಲಿ ಅನ್ನಬಹುದು, ಇವಳು ಇನ್ನೂ ಲೈನಿನಲ್ಲೇ ಇದ್ದಾಳೆ, ನೀನೊಬ್ಬಳಿದ್ದೀಯ ಅಂತ ಬದುಕಿದೀನಿ ಪುಟ್ಟಿ ಅಂತಿದ್ದಾಳೆ, ಹೇಳು, ನಿಜ ಹೇಳೇ ಪಾಪಿ, ಬಾಯಿ ಬಿಡು — ಬಿಟ್ಟೆ, ಚೆನ್ನಾಗಿ ನಿದ್ದೆ ಮಾಡು ಅಂದೆ, ಕಣ್ಣು ತಗ್ಗಿಸಿದೆ, ಅಲ್ಲಿ ಇನ್ನೊಂದು, ನಡು ಬಿಗಿಯುತ್ತಿದೆ, ಎಳೆ ಸಣ್ಣಗಾಗುತ್ತಿದೆ, ಸಣ್ಣಗಾಗುತ್ತಿದೆ, ಎರಡಾಯಿತು, ಪಕ್ಕದಲ್ಲೇ ಇನ್ನೊಂದು, ನಡು ಬಿಗಿಯುತ್ತಿದೆ, ನಡು