ಒಣಗಲೊಲ್ಲದ ಹಳದಿ ಮಂಚ

ನಾನು ಬಳಿದ ಬಣ್ಣವನ್ನು ಕೆಡಿಸುವ ಧೈರ್ಯವಾಗದೆ ಮಳೆ ಒಮ್ಮೆ ಅರ್ಧ ದಾರಿಯಿಂದ ವಾಪಸ್ ಹೋಗಿದೆ. ನಗಬೇಡಿ. ಮೂರು ಮಹಡಿಯ ಮನೆ, ಹೊರಗೋಡೆಗೆ ಕೊನೆಯ ಕೈ ಬಣ್ಣ ಹೊಡೆದು ಏಣಿ ಇಳಿಯುತ್ತಿದ್ದೇನೆ, ಮೋಡ ಕವಿದುಕೊಂಡು ಬಂತು. ಬ್ರಶ್ಶನ್ನು ಮೇಲೆತ್ತಿ, “ಇನ್ನೂ ಹಸಿ ಇದೆ, ಕಣ್ಣು ಕಾಣ್ಸಲ್ವಾ?” ಎಂದೆ. ಮಳೆ ತೆಪ್ಪಗೆ ಪಕ್ಕದ ಬೀದಿಗೆ ಹೋಗಿ ಸುರಿಯಿತು. ಇನ್ನೊಮ್ಮೆ ಒಂದು ಗೋಡೆಗೆ ನಾನು ಹೊಡೆದ ನೀಲಿಯನ್ನು ಆಕಾಶವೆಂದುಕೊಂಡು ಕಾಗೆಗಳು ಸಾಲಾಗಿ ಬಂದು ಡಿಕ್ಕಿ ಹೊಡೆದುಕೊಂಡವು. ಈ ಊರಿನ ಪೇಂಟರುಗಳು ನನ್ನ ಡಬ್ಬ ತೊಳೆದ ನೀರಿಗೂ ಸಾಲುಗಟ್ಟಿ ನಿಲ್ಲುತ್ತಾರೆ.

“ನಿಮ್ಮ ಬಣ್ಣ ಒಣಗೋಕೆ ಮುಂಚೆ ಕೇಳೋರ ಜೀವ ಒಣಗುತ್ತೆ,” ಎನ್ನುತ್ತಾಳೆ ನನ್ನ ಹೆಂಡತಿ. ಹೊಲಿಗೆ ಯಂತ್ರದ ಮುಂದೆ ಕೂತೇ ನನ್ನ ಸುಳ್ಳುಗಳನ್ನು ಒಂದೊಂದಾಗಿ ಹಿಡಿದು ಕತ್ತರಿಸುವುದು ಅವಳಿಗೆ ಅಭ್ಯಾಸ.

ಇಂಥ ನನ್ನ ಕೈಯಲ್ಲಿ, ಮೊನ್ನೆ, ಒಂದು ಪುಟ್ಟ ಮಂಚ ಒಣಗಲೊಲ್ಲೆ ಎಂದಿತು.

ಮಂಚ ಕಡ್ಡಿಯದು. ಕಡ್ಡಿ ಅಂದರೆ ನನ್ನ ತಂಗಿಯ ಮಗಳು. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ. ಅದಕ್ಕೇ ನಾನಿಟ್ಟ ಹೆಸರು. ತಂಗಿ ರಾತ್ರಿ ಬಸ್ಸಿನ ಕಂಡಕ್ಟರ್. ಗಂಡ ಬಿಟ್ಟುಹೋದಾಗ ಮಗುವಿಗೆ ಎರಡು ವರ್ಷ. ಅದನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಊರೂರು ಸುತ್ತುವ ಹಾಗಿರಲಿಲ್ಲ. “ಸ್ವಲ್ಪ ದಿನಕ್ಕೆ ಮಾತ್ರ, ಅಣ್ಣಾ,” ಎಂದು ನಮ್ಮ ಮನೆಯಲ್ಲಿ ಬಿಟ್ಟಳು. ನಮಗೆ ಮಕ್ಕಳಿಲ್ಲ. ಸ್ವಲ್ಪ ದಿನ ಎಂಬುದು ಹಿಗ್ಗಿ ನಾಲ್ಕು ವರ್ಷವಾಯಿತು. ಅದರಲ್ಲಿ ಒಂದು ದಿನವೂ ನನಗೆ ಹೆಚ್ಚಾಗಿ ಕಾಣಲಿಲ್ಲ.

ಈಗ ತಂಗಿಗೆ ಡಿಪೋದ ಆಫೀಸಿನಲ್ಲಿ ಹಗಲು ಕೆಲಸ ಸಿಕ್ಕಿದೆ. ಬೇರೆ ಊರು, ಎರಡು ಕೋಣೆಯ ಮನೆ, ಹತ್ತಿರದಲ್ಲೇ ಶಾಲೆ. ರಜೆ ಹಾಕಿ ಮಗಳನ್ನು ಕರೆದೊಯ್ಯಲು ಬಂದಳು.

“ನನ್ನ ಮಂಚಾನೂ ಬಂದ್ರೆ ಬರ್ತೀನಿ,” ಎಂದಳು ಕಡ್ಡಿ. “ಹಳದಿ ಬಣ್ಣ ಹೊಡೆದಿರ್ಬೇಕು.”

“ಅಷ್ಟೇ ತಾನೆ? ನಾಳೆ ಸಂಜೆಗೆ ಒಣಗಿಸಿ ಕೊಡ್ತೀನಿ. ನಾನು ಒಂದ್ಸಲ ನೋಡಿದ್ರೆ ಸಾಕು, ಬಣ್ಣ ನಾಚ್ಕೊಂಡು ಒಣಗುತ್ತೆ,” ಎಂದು ಬಾಯಿ ಬಿಟ್ಟವನು ನಾನೇ.

ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ ಮಂಚವನ್ನು ನಿಲ್ಲಿಸಿದೆ. ಹಳೆಯ ಹಸಿರು ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜತೊಡಗಿದೆ. ಅದೂ ನಾನೇ ಹೊಡೆದಿದ್ದ ಬಣ್ಣ. ಉಜ್ಜಿದಂತೆಲ್ಲ ಹುಡಿಯಾಗಿ ಮೊಣಕಾಲ ಮೇಲೆ ಬೀಳುತ್ತಿತ್ತು. ತಲೆದಿಕ್ಕಿನ ಹಲಗೆಯಲ್ಲಿ ಚಮಚದಿಂದ ಕುಟ್ಟಿದ ಗುಳಿಗಳಿದ್ದವು. ಅದು ನಿದ್ದೆ ಬರದ ದಿನಗಳ ಡೋಲು. ಪಕ್ಕದ ಪಟ್ಟಿಯಲ್ಲಿ ಹಲ್ಲಿನ ಗುರುತು. ಬಂದ ಹೊಸತರಲ್ಲಿ ಅಮ್ಮ ಬೇಕು ಎಂದು ಅತ್ತು, ಅಳು ಸಾಲದಾದಾಗ ಕಚ್ಚಿದ್ದು. ಆಗೆಲ್ಲ ನಾನು ಪಕ್ಕದಲ್ಲಿ ನೆಲದ ಮೇಲೆ ಮಲಗಿ, ಪಟ್ಟಿಯ ಸಂದಿನಿಂದ ಒಂದು ಬೆರಳು ಒಳಗೆ ಚಾಚುತ್ತಿದ್ದೆ. ಅದನ್ನು ಹಿಡಿದುಕೊಂಡೇ ಮಲಗುತ್ತಿದ್ದಳು. ಬೆರಳು ಮರಗಟ್ಟಿದರೂ ಎಳೆದುಕೊಳ್ಳುವ ಹಾಗಿರಲಿಲ್ಲ.

ಗುಳಿಗಳಿಗೆಲ್ಲ ಪುಟ್ಟಿ ತುಂಬಿ ಮಟ್ಟ ಮಾಡಿದೆ. ಹಲ್ಲಿನ ಗುರುತಿಗೆ ತುಂಬಲಿಲ್ಲ. ನನ್ನಂಥ ಪೇಂಟರು ಗುಳಿ ಬಿಟ್ಟು ಬಣ್ಣ ಹೊಡೆದನೆಂದರೆ ಮರ್ಯಾದೆ ಹೋಗುತ್ತದೆ. ಹೋಗಲಿ ಎಂದುಕೊಂಡೆ.

ಪ್ರೈಮರ್ ಒಣಗಿದ ಮೇಲೆ ಹಳದಿ ಹೊಡೆದೆ. ಎಂಥ ಹಳದಿ ಅಂತೀರಿ! ಬೀದಿಯ ದೀಪ ನಮ್ಮ ಕಿಟಕಿಯೊಳಗೆ ಇಣುಕಿ ನೋಡಿ ನಾಚಿಕೆಯಿಂದ ಆರಿಹೋಯಿತು.

“ಕರೆಂಟು ಹೋಗಿತ್ತು,” ಎಂದಳು ಹೆಂಡತಿ ಒಳಗಿನಿಂದ.

ಕಡ್ಡಿಗೆ ಬಣ್ಣದ ನಾಡಿ ನೋಡುವುದನ್ನು ಅವಳು ಚಿಕ್ಕವಳಿದ್ದಾಗಲೇ ಕಲಿಸಿದ್ದೆ. ಯಾರಿಗೂ ಕಾಣದ ಜಾಗದಲ್ಲಿ ಹೆಬ್ಬೆಟ್ಟು ಒತ್ತಬೇಕು. ಗುರುತು ಬಿದ್ದರೆ ಹಸಿ, ಬೀಳದಿದ್ದರೆ ಒಣಗಿದೆ. ಈ ಮನೆಯಲ್ಲಿ ಯಾವುದಕ್ಕೆ ಬಣ್ಣ ಹೊಡೆದರೂ ನಾಡಿ ನೋಡುವ ಅಧಿಕಾರ ಅವಳೊಬ್ಬಳದೇ. ಮರುದಿನ ಸಂಜೆ ಅವಳು ಶಾಲೆಯಿಂದ ಬಂದವಳೇ ಮಂಚದ ಕೆಳಗೆ ತೂರಿ, ತಲೆದಿಕ್ಕಿನ ಕಾಲಿನ ಒಳಮೈಗೆ ಹೆಬ್ಬೆಟ್ಟು ಒತ್ತಿದಳು. ಗುರುತು ಬಿತ್ತು.

“ಹಸಿ!” ಎಂದು ಕೂಗಿದಳು.

“ಬೇರೆ ಕಡೆ ಯಾರೂ ಮುಟ್ಬೇಡಿ, ಕಲೆ ಆಗುತ್ತೆ. ದೊಡ್ಡ ಬಣ್ಣ ಇದು, ಗಾಂಭೀರ್ಯದಿಂದ ಒಣಗುತ್ತೆ,” ಎಂದೆ. ವ್ಯಾನಿನವನಿಗೆ ಫೋನು ಮಾಡಿ ನಾಳೆ ಬಾ ಎಂದೆ.

ಮರುದಿನವೂ ಹಸಿ. ಗಾಳಿಯಲ್ಲಿ ತೇವ ಜಾಸ್ತಿ ಎಂದೆ. ಅದರ ಮರುದಿನವೂ ಹಸಿ. ಹಳದಿ ಬಣ್ಣಕ್ಕೆ ಹಟ ಜಾಸ್ತಿ ಎಂದೆ. ವ್ಯಾನಿನವನು, “ಏನ್ಸಾರ್, ಮಂಚಾನಾ ಹಡಗಾ?” ಎಂದು ಕೇಳಿದ. ತಂಗಿ ಡಿಪೋಗೆ ಫೋನು ಮಾಡಿ ರಜೆಯನ್ನು ಇನ್ನೊಂದು ದಿನ ಎಳೆದಳು. ಬಟ್ಟೆ ಚೀಲಗಳು ಬಾಗಿಲ ಬಳಿ ಬಾಯಿ ಕಟ್ಟಿಕೊಂಡು ಕೂತಿದ್ದವು. ಕಡ್ಡಿ ಮಾತ್ರ, ಮಂಚ ಹಸಿಯೆಂದು, ನಮ್ಮಿಬ್ಬರ ನಡುವೆ ಮಲಗಿ ಒದೆಯುತ್ತಿದ್ದಳು. ಒದೆ ಬಿದ್ದಾಗಲೆಲ್ಲ, ಇವತ್ತೂ ಇದ್ದಾಳೆ ಎಂದುಕೊಂಡು ನಾನು ಇನ್ನಷ್ಟು ಹತ್ತಿರ ಸರಿಯುತ್ತಿದ್ದೆ.

ನಾಲ್ಕನೆಯ ಸಂಜೆ ಮಂಚದ ಕೆಳಗೆ ತೂರಿದ ಕಡ್ಡಿ ಬಹಳ ಹೊತ್ತು ಹೊರಗೆ ಬರಲಿಲ್ಲ.

“ಏನೇ, ಅಲ್ಲೇ ಸಂಸಾರ ಹೂಡಿದ್ಯಾ?” ಎಂದೆ.

“ಮಾವಾ, ನಿನ್ನೆ ಒತ್ತಿದ ಗುರುತು ಎಲ್ಲೋಯ್ತು?”

“ಯಾವ ಗುರುತು?”

“ದಿನಾ ಒತ್ತಿದೀನಿ. ಒಂದೂ ಇಲ್ಲ. ಇವತ್ತಿಂದು ಒಂದೇ ಇದೆ.”

“ಒಳ್ಳೇ ಬಣ್ಣ ಕಣೇ, ಗಾಯ ತಾನೇ ವಾಸಿ ಮಾಡ್ಕೊಳ್ಳುತ್ತೆ,” ಎಂದೆ.

ಕಡ್ಡಿ ತೆವಳಿಕೊಂಡು ಕಾಲ್ದಿಕ್ಕಿಗೆ ಹೋದಳು. ಆ ಕಡೆಯ ಕಾಲಿಗೆ ಹೆಬ್ಬೆಟ್ಟು ಒತ್ತಿದಳು. ಇನ್ನೊಂದಕ್ಕೂ ಒತ್ತಿದಳು. ಹೊರಗೆ ಬಂದು ಬೆರಳನ್ನು ಎಲ್ಲರಿಗೂ ತೋರಿಸಿದಳು. ಚೂರೂ ಹಳದಿ ಇರಲಿಲ್ಲ.

ತಂಗಿ ಎದ್ದು ಬಂದು ತಲೆದಿಕ್ಕಿನ ಹಲಗೆಯ ಮೇಲೆ ಅಂಗೈ ಇಟ್ಟಳು. ಆ ಕೊನೆಯಿಂದ ಈ ಕೊನೆಯವರೆಗೂ ಸವರಿದಳು. ಹಲ್ಲಿನ ಗುರುತಿದ್ದ ಪಟ್ಟಿಗೆ ಬಂದಾಗ ಅವಳ ಕೈ ನಿಂತಿತು.

“ಇದೇನು?”

“ನಿನಗೋಸ್ಕರ ಅತ್ತು ಕಚ್ಚಿದ್ದು,” ಎಂದೆ. ಅದಕ್ಕೆ ಬಣ್ಣ ಹಚ್ಚಿ ಹೇಳಲು ನನಗೆ ಬರಲಿಲ್ಲ.

ತಂಗಿ ಆ ಗುರುತಿನಿಂದ ಬೆರಳು ತೆಗೆಯಲಿಲ್ಲ. “ನಾನು ನಾಲ್ಕು ವರ್ಷ ಇವಳು ನಿದ್ದೆ ಮಾಡೋದನ್ನೇ ನೋಡಿದೀನಿ, ಅಣ್ಣಾ. ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಮಲಗಿರ್ತಿದ್ಳು. ಏಳೋದ್ರೊಳಗೆ ನನ್ನ ವಾಪಸ್ ಬಸ್ಸು. ಬೆಳಿಗ್ಗೆ ಎದ್ದು ಮೊದ್ಲು ಏನು ಕೇಳ್ತಾಳೆ ಅಂತಾನೂ ನನಗೆ ಗೊತ್ತಿಲ್ಲ.”

“ಬ್ರಶ್ಶು ದಿನಾ ಬಣ್ಣ ತೊಳೆಯೋ ಟರ್ಪೆಂಟೈನ್ ಲೋಟದಲ್ಲಿ ಹೊಸದಾಗಿ ನೆನೀತಿತ್ತು,” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. “ಮೊದಲ ದಿನಾನೇ ನೋಡ್ದೆ.”

ಯಾವ ಸುಳ್ಳನ್ನೂ ಬಿಡದವಳು ಈ ಒಂದಕ್ಕೆ ಮಾತ್ರ ಬಾಯಿ ತೆರೆದಿರಲಿಲ್ಲ. ಅವಳ ಕಡೆ ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಕಡ್ಡಿ ನನ್ನೆದುರು ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಮಾವಾ, ಮಂಚ ಬೇಕಿದ್ರೆ ಕೇಳೋದಲ್ವಾ? ಸುಳ್ಳು ಯಾಕೆ? ನೀನೇ ಇಟ್ಕೋ. ನಾನು ಅಲ್ಲಿ ಅಮ್ಮನ ಪಕ್ಕ ಮಲಗ್ತೀನಿ.”

ಎಂಥೆಂಥ ಗೋಡೆ ಹತ್ತಿ ಇಳಿದವನು ನಾನು. ಆ ಹೊತ್ತಿನಲ್ಲಿ ಅಲ್ಲೇ ನೆಲದ ಮೇಲೆ ಕೂತೆ. ಈಗ ಅವಳ ಮುಖ ನನ್ನ ಮುಖದ ಮಟ್ಟಕ್ಕಿತ್ತು.

“ಮಂಚ ಬೇಡ ಕಣೇ ನನಗೆ. ತಗೊಂಡು ಹೋಗು. ನಾನು ಹೇಳಿದ ಸಂಜೆಗೇ ಒಣಗಿತ್ತು ಅದು. ನೀನು ಬೆರಳು ಒತ್ತೋ ಜಾಗಕ್ಕೆ ಮಾತ್ರ, ನೀನು ಶಾಲೆಗೆ ಹೋದ್ಮೇಲೆ, ದಿನಾ ಒಂದು ಚೂರು ಬಳೀತಿದ್ದೆ. ನೀನು ‘ಹಸಿ’ ಅಂದ್ರೆ ಇನ್ನೊಂದು ದಿನ ಇರ್ತೀಯಲ್ಲ, ಅದಕ್ಕೆ.”

ಅವಳು ಯೋಚಿಸಿದಳು. ಆಮೇಲೆ, “ಮಳೆ ವಾಪಸ್ ಹೋಗಿದ್ದು ನಿಜಾನಾ?” ಎಂದು ಕೇಳಿದಳು.

“ಇಲ್ಲ,” ಎಂದೆ. “ಬಂತು. ನಾನು ಬೇಡ ಬೇಡ ಅಂತ ಏಣಿ ಮೇಲೇ ನಿಂತಿದ್ದೆ. ಬಳಿದಿದ್ದನ್ನೆಲ್ಲ ತೊಳ್ಕೊಂಡು ಹೋಯ್ತು.”

ಕಡ್ಡಿ ನನ್ನ ಒಂದು ಬೆರಳು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ನಾನು ಇವತ್ತು ಬೇಡ ಎಂದು ಫೋನು ಮಾಡಲು ಮರೆತಿದ್ದೆ.