ಗೇಟಿಗೆ ಕಟ್ಟಿದ ಬಟ್ಟೆ

ಎರಡು ಕಬ್ಬಿಣದ ಕಂಬಗಳ ನಡುವೆ ಒಂದು ಗೇಟು. ಅದರ ಅಡ್ಡಪಟ್ಟಿಗಳಲ್ಲಿ ಮೇಲಿನದು ಸ್ವಲ್ಪ ಬಾಗಿದೆ; ಯಾವುದೋ ವರ್ಷ ಹಣ್ಣಿನ ಲಾರಿ ಹಿಂದಕ್ಕೆ ಬರುವಾಗ ತಾಗಿದ್ದು. ಬಾಗಿದ ಜಾಗದಿಂದ ಒಂದು ಬಟ್ಟೆಯ ತುಂಡು ಇಳಿಬಿದ್ದಿದೆ. ಗಾಳಿಯಿಲ್ಲ, ಆದ್ದರಿಂದ ಅದು ಅಲುಗುವುದಿಲ್ಲ. ಅದರಾಚೆ ಕತ್ತಲು, ಕತ್ತಲೊಳಗೆ ಕೆದರಿದ ತಲೆಗಳ ಹಾಗೆ ಸಾಲುಗಟ್ಟಿ ನಿಂತ ಡ್ರ್ಯಾಗನ್ ಹಣ್ಣಿನ ಗಿಡಗಳು. ನಮ್ಮ ಕೆಂಪು ಟಾರ್ಚಿನ ಬೆಳಕು ನೆಲದಿಂದ ಮೆಲ್ಲಗೆ ಏರಿ, ಬೀಗವನ್ನು ಮುಟ್ಟಿ, ಪಟ್ಟಿಗಳನ್ನು ಮುಟ್ಟಿ, ಕೊನೆಗೆ ಬಟ್ಟೆಯ ಮೇಲೆ ನಿಂತಿತು. ಬಟ್ಟೆ ಬೆಳ್ಳಗೆ ಕಂಡಿತು. ಆ ಇಡೀ ಚಿತ್ರದಲ್ಲಿ ತನ್ನದೇ ಬೆಳಕಿದೆಯೆಂಬಂತೆ ತೋರುತ್ತಿದ್ದುದು ಅದೊಂದೇ.

“ಬಿಳೀದು,” ಎಂದರು ಖಿಯೆಮ್ ಮೇಷ್ಟ್ರು. “ಇವತ್ತು ರಾತ್ರಿ ಪೂರ್ತಿ ನಮ್ದು.”

ಸೈಗಾನಿನಿಂದ ಬಂದವರು ನಾವು ಮೂವರು: ನಕ್ಷತ್ರ ನೋಡುವವರ ಸಂಘದ ಅಧ್ಯಕ್ಷರಾದ ಮೇಷ್ಟ್ರು, ಹಲ್ಲಿನ ಡಾಕ್ಟರು ದಿಯೆಮ್, ಮತ್ತು ನಾನು. ಫಾನ್ ಥಿಯೆತ್ ದಾಟಿ ಒಳಗೆ, ಗುಡ್ಡಗಳ ನಡುವಿನ ಈ ತಗ್ಗು ಪೂರ್ತಿ ಲುವಾ ಅಕ್ಕನದು. ತೋಟದಂಚಿನ ಬರಡು ತುಂಡನ್ನು ಅವರು ಬಾಯಿಮಾತಿನ ಮೇಲೆ ನಮ್ಮ ಸಂಘಕ್ಕೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಟೆಲಿಸ್ಕೋಪ್ ನಿಲ್ಲಿಸಲು ಸಿಮೆಂಟಿನ ಕಟ್ಟೆಗಳನ್ನು ಕಟ್ಟಿಕೊಂಡೆವು, ಕಿಟಕಿಯಿಲ್ಲದ ಒಂದು ತಗಡಿನ ಕೋಣೆ ಎಬ್ಬಿಸಿದೆವು. ಅಂಥ ಕತ್ತಲು ಸೈಗಾನಿನ ಸುತ್ತ ಇನ್ನೆಲ್ಲೂ ನಮಗೆ ದಕ್ಕಿರಲಿಲ್ಲ.

ತೊಡಕು ಒಂದೇ. ಮಳೆ ನಿಂತ ತಿಂಗಳುಗಳಲ್ಲಿ ನಮಗೆ ಕತ್ತಲು ಬೇಕು. ಅದೇ ತಿಂಗಳುಗಳಲ್ಲಿ ಅಕ್ಕನಿಗೆ ಬೆಳಕು ಬೇಕು. ಗಿಡದ ಮೇಲೆ ಬಲ್ಬು ಉರಿಸಿ, ರಾತ್ರಿ ಚಿಕ್ಕದಾಯಿತೆಂದು ಅದನ್ನು ನಂಬಿಸಿದರೆ ಮಾತ್ರ ಅಕಾಲದಲ್ಲಿ ಹೂ ಬಿಡುತ್ತದೆ. ಕರೆಂಟು ಅಗ್ಗವಾಗುವ ಹತ್ತು ಗಂಟೆಯ ಮೇಲೆಯೇ ಬಲ್ಬು ಹತ್ತುವುದು. ಒಮ್ಮೆ ಶುರುವಾದರೆ ವಾರಗಟ್ಟಲೆ ನಿಲ್ಲಿಸುವಂತಿಲ್ಲ. ಎಂದು ಶುರುವೆನ್ನುವುದು ಹಣ್ಣಿನ ವ್ಯಾಪಾರಿಯ ಮಾತು ಬಂದ ಸಂಜೆಯೇ ಗೊತ್ತಾಗುವುದು, ಆ ತಗ್ಗಿನಲ್ಲಿ ಫೋನು ಹಿಡಿಯುವುದಿಲ್ಲ. ಹಾಗಾಗಿ ಈ ವರ್ಷದಿಂದ ಈ ಬಟ್ಟೆಯ ಏರ್ಪಾಡು: ಬಿಳಿ ಕಟ್ಟಿದ್ದರೆ ಕತ್ತಲು, ಕೆಂಪು ಕಟ್ಟಿದ್ದರೆ ಹತ್ತರ ಮೇಲೆ ಬೆಳಕು. ಇದನ್ನು ನಾವೆಲ್ಲ ಸೇರಿ ಗೊತ್ತುಮಾಡಿದ್ದು ಅವರ ಶೆಡ್ಡಿನಲ್ಲಿ, ಐಸು ಹಾಕಿದ ಕಾಫಿ ಕುಡಿಯುತ್ತ, ಹಾಡಹಗಲಲ್ಲಿ.

ಗೇಟು ಸಿಗುವ ಮುಂಚಿನ ತಿರುವಿನಲ್ಲೇ ಕಾರಿನ ದೀಪ ಆರಿಸಿ, ಒಬ್ಬರು ಕೆಂಪು ಟಾರ್ಚು ಹಿಡಿದು ಮುಂದೆ ನಡೆಯುವುದು ಸಂಘದ ನಿಯಮ. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಕತ್ತಲಿಗೆ ಪಳಗಿದ ದೃಷ್ಟಿ ಬಹಳ ಹೊತ್ತು ಹಾಳು. ಆ ರಾತ್ರಿ ಮೇಷ್ಟ್ರು ನಿಯಮವನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಿದರು. ಎರಡು ವರ್ಷ ತಮ್ಮ ಕೈಯಾರೆ ಉಜ್ಜಿ ಹೊಳಪುಗೊಳಿಸಿದ ಟೆಲಿಸ್ಕೋಪಿನ ಕನ್ನಡಿಯನ್ನು ಅವರು ಮೊದಲ ಬಾರಿಗೆ ಆಕಾಶಕ್ಕೆ ತೋರಿಸಲು ತಂದಿದ್ದರು. ಅದು ರಾತ್ರಿಯ ತಂಪಿಗೆ ಹೊಂದಿಕೊಳ್ಳುವವರೆಗೂ ಪಕ್ಕದಲ್ಲೇ ಕುಳಿತು ಕಾದರು. ಹೊಂದಿಕೊಂಡಿತು, ಅವರು ಬಗ್ಗಿ ಕಣ್ಣಿಟ್ಟರು, ತೋಟದ ಬಲ್ಬುಗಳೆಲ್ಲ ಒಮ್ಮೆಲೇ ಹತ್ತಿಕೊಂಡವು.

ಯಾರೋ ಬಾನನ್ನು ಒರೆಸಿ ತೆಗೆದಂತಾಯಿತು. ಮೇಷ್ಟ್ರು ನೆಟ್ಟಗೆ ಶೆಡ್ಡಿಗೆ ನಡೆದರು. ನಾವು ಹಿಂದೆ ಓಡಿದೆವು. ಅಲ್ಲಿ ಕೆಲಸದ ಹೆಂಗಸರು ವೈರು ಸುತ್ತುತ್ತ ಕುಳಿತಿದ್ದರು.

“ಏನಮ್ಮಾ, ನಮಗೇ ಟೋಪಿ ಹಾಕ್ತೀರಾ? ಒಂದು ಮಾತಿಗೆ ಬೆಲೆ ಬೇಡವಾ?”

ಲುವಾ ಅಕ್ಕ ಎದ್ದು ನಿಂತರು. “ಕೆಂಪು ಬಟ್ಟೆ ಕಟ್ಟಿದ್ದೆ.”

“ಬಿಳೀದು. ನಾನೇ ಕಣ್ಣಾರೆ ನೋಡಿದ್ದೀನಿ.”

“ಬನ್ನಿ ಗೇಟಿಗೆ, ತೋರಿಸ್ತೀನಿ.”

“ಏನೂ ಬೇಕಾಗಿಲ್ಲ. ಸುಳ್ಳು ಹೇಳೋರ ಜೊತೆ ನಾನು ಓಡಾಡಲ್ಲ.”

ಹೆಂಗಸರ ಕೈಗಳು ನಿಂತವು. ಅಕ್ಕನ ದನಿ ಏರಲಿಲ್ಲ. “ಹಾಗಾದ್ರೆ ಬೆಳಿಗ್ಗೆ ಗೇಟಿನ ಬೀಗದ ಕೈ ಕೊಟ್ಟು ಹೋಗಿ. ನಿಮ್ಮ ಕಟ್ಟೆ ಒಡೆದು ಗಿಡ ನೆಡ್ತೀನಿ.”

ಬೆಳಿಗ್ಗೆ ಮೇಷ್ಟ್ರು ಗೇಟಿನಿಂದ ಬಿಚ್ಚಿ ತಂದ ಬಟ್ಟೆಯನ್ನು ಕೋಣೆಯ ಮೇಜಿನ ಮೇಲೆ ಎಸೆದರು. ಅದು ಕೆಂಪಗಿತ್ತು.

“ನೋಡಿದ್ರಾ? ರಾತ್ರೋರಾತ್ರಿ ಬದಲಾಯಿಸಿದ್ದಾಳೆ.”

ದಿಯೆಮ್ ಬಟ್ಟೆಯನ್ನು ಎತ್ತಿ ಬಹಳ ಹೊತ್ತು ನೋಡಿದಳು, ರೋಗಿಯ ಹಲ್ಲು ನೋಡುವಂತೆ. ಆಮೇಲೆ ತನ್ನ ಚೀಲದಲ್ಲಿ ಟಾರ್ಚು ಹುಡುಕತೊಡಗಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು, ದೀಪ ಆರಿತು. ನಮ್ಮ ಕೋಣೆಯ ದೀಪ ಹಾಗೆ: ಒಳಗಿನ ಬೆಳಕು ಹೊರಗಿನ ಕಣ್ಣುಗಳಿಗೆ ಬೀಳದಿರಲೆಂದು ಬಾಗಿಲು ತೆರೆದರೆ ಆರುತ್ತದೆ, ಮುಚ್ಚಿದರೆ ಹತ್ತುತ್ತದೆ.

“ಎಲ್ಲರ ಮನೇಲಿ ಜನ ಬಂದ್ರೆ ದೀಪ ಹಾಕ್ತಾರೆ,” ಎಂದರು ಲುವಾ ಅಕ್ಕ, ಹೊಸ್ತಿಲಲ್ಲೇ ನಿಂತು. “ನಿಮ್ಮಲ್ಲಿ ಆರಿಸ್ತಾರೆ. ಎಲ್ಲಿ ಬೀಗದ ಕೈ?”

“ಅಕ್ಕ, ಒಂದ್ನಿಮಿಷ ಒಳಗೆ ಬನ್ನಿ,” ಎಂದಳು ದಿಯೆಮ್. “ಬಾಗಿಲು ಹಾಕಿ.”

ಬಾಗಿಲು ಹಾಕಿದೊಡನೆ ಹತ್ತಿದ ದೀಪವನ್ನು ಅವಳು ಸ್ವಿಚ್ಚಿನಲ್ಲಿ ಆರಿಸಿದಳು. ಕೋಣೆ ಕಪ್ಪಾಯಿತು. ಕೆಂಪು ಟಾರ್ಚು ಹತ್ತಿತು. ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಬಿದ್ದಿತ್ತು. ಪಕ್ಕದಲ್ಲಿ ಅವಳು ತನ್ನ ಬಿಳಿ ಕರ್ಚೀಫು ಹಾಸಿದಳು. ಎರಡರಲ್ಲಿ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ.



“ಅಂದ್ರೆ ನಾನು ಯಾವುದು ಕಟ್ಟಿದ್ರೂ ನಿಮಗೆ ಬಿಳೀದೇ,” ಎಂದರು ಲುವಾ ಅಕ್ಕ.

“ಎಂಟನೇ ಕ್ಲಾಸಿನ ಪಾಠ ಇದು,” ಮೇಷ್ಟ್ರ ದನಿ ಕತ್ತಲಿನಿಂದ ಬಂತು. “ಕೆಂಪು ಬೆಳಕಲ್ಲಿ ಕೆಂಪು ವಸ್ತು. ಪ್ರತಿ ವರ್ಷ ನಾನೇ ಮಾಡ್ತಿದ್ದೆ.”

“ಹುಡುಗರು ಹೀಗೆ ತಪ್ಪು ಬರೆದ್ರೆ ಎಷ್ಟು ಕೊಡ್ತಿದ್ರಿ ಮೇಷ್ಟ್ರೇ?” ಎಂದಳು ದಿಯೆಮ್.

“ಸೊನ್ನೆ.”

ಅವಳು ದೀಪ ಹಾಕಿದಳು. ಮೇಷ್ಟ್ರು ಎದ್ದು ನಿಂತು, ಅಕ್ಕನ ಕಡೆ ತಿರುಗಿ ಬಾಯಿ ತೆರೆದರು. ಅಕ್ಕ ಕೈ ಅಡ್ಡ ಹಿಡಿದರು.

“ಇಲ್ಲಿ ಬೇಡ. ನಿನ್ನೆ ನೀವಂದಿದ್ದು ಈ ಕೋಣೇಲಲ್ಲ. ಕೇಳಿಸ್ಕೊಂಡೋರೆಲ್ಲ ಈಗ ಶೆಡ್ಡಲ್ಲಿ ಹಣ್ಣು ಆರಿಸ್ತಾ ಕೂತಿದ್ದಾರೆ. ನಾಳೆಯೂ ನಾನು ಅವರ ಕೈಲಿ ಕೆಲಸ ಮಾಡಿಸ್ಬೇಕು. ಅಲ್ಲಿಗೆ ಬಂದು ಹೇಳಿ, ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ. ಬರದಿದ್ರೆ ಮೇಜಿನ ಮೇಲೆ ಇಟ್ಟು ಹೋಗಿ.”

“ಬಲ್ಬು?” ಎಂದೆ ನಾನು.

“ಬಲ್ಬು ಆರಲ್ಲ ಅಣ್ಣ. ಹೊಸವರ್ಷಕ್ಕೆ, ತೆತ್ ಹಬ್ಬಕ್ಕೆ ಹಣ್ಣು ಬೇಕು. ಮೇಷ್ಟ್ರ ಕನ್ನಡಿ ಅಲ್ಲೀವರೆಗೂ ಕಾಯ್ಲಿ.” ಬಾಗಿಲಿಗೆ ಕೈಯಿಟ್ಟವರು ತಿರುಗಿದರು. “ಬಟ್ಟೆ ಸಾಕು ಇನ್ನು. ಬಲ್ಬು ಹಾಕೋ ದಿನ ನನ್ನ ಹಳೇ ತಾಳೆಗರಿ ಟೋಪಿ ಗೇಟಿಗೆ ಹಾಕ್ತೀನಿ. ಯಾವ ಬೆಳಕಲ್ಲಿ ನೋಡಿದ್ರೂ ಅದು ಟೋಪಿನೇ. ಆಗ ಬೇಕಾದ್ರೆ ಹೇಳಿ, ಟೋಪಿ ಹಾಕಿದ್ಲು ಅಂತ.”

ಅವರು ಹೋದರು. ಬಾಗಿಲನ್ನು ಬೇಕೆಂದೇ ತೆರೆದಿಟ್ಟು ಹೋದರು. ದೀಪವಿಲ್ಲದ ಕೋಣೆಗೆ ಬಿಸಿಲು ಮೇಜಿನ ಕಾಲಿನವರೆಗೂ ಬಂದು ನಿಂತಿತು. ಶೆಡ್ಡಿನ ಕಡೆಯಿಂದ ಹೆಂಗಸರ ಮಾತು ಕೇಳುತ್ತಿತ್ತು, ನಡುನಡುವೆ ನಗು; ನಮ್ಮ ಬಗೆಗೇ ಇರಬಹುದು, ಇಲ್ಲದಿರಬಹುದು.

ಮೇಷ್ಟ್ರು ಮತ್ತೆ ಕುಳಿತಿದ್ದರು. ಅವರು ಯಾರ ಮುಂದೆಯೂ ತಪ್ಪೊಪ್ಪಿದ್ದನ್ನು ನಾನು ಕಂಡವನಲ್ಲ. ನಾವಿಬ್ಬರೂ ಒಂದೇ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವರು. ಬೀಗದ ಕೈ ಅವರ ಮುಂದೆಯೇ ಇತ್ತು. ಮೂಲೆಯಲ್ಲಿ ಕಂಬಳಿ ಸುತ್ತಿದ ಕನ್ನಡಿ ಇತ್ತು.

“ನಾನೂ ಬರ್ಲಾ?” ಎಂದೆ.

“ಬೇಡಪ್ಪ. ನಿನ್ನೆ ನಾನೊಬ್ಬನೇ ಮಾತಾಡಿದ್ದು.”

ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆಯನ್ನು ಮಾತ್ರ ತೆಗೆದುಕೊಂಡು, ಅಂಗಿಯ ಗುಂಡಿ ಹಾಕಿ, ಶೆಡ್ಡಿನ ಕಡೆಗೆ ಹೊಸ್ತಿಲು ದಾಟಿದರು. ಬಿಸಿಲಲ್ಲಿ ಅದು ಎಷ್ಟು ದೂರದಿಂದಲೂ ಕಾಣುವಷ್ಟು ಕೆಂಪಾಗಿತ್ತು. ಅವರು ಹಿಂದೆ ನೋಡದೆ, ಅಭ್ಯಾಸದಿಂದೆಂಬಂತೆ ಕೈ ಹಿಂದಕ್ಕೆ ಚಾಚಿ ಬಾಗಿಲೆಳೆದರು; ಅದು ಮುಚ್ಚಿಕೊಂಡಿತು, ಒಳಗೆ ದೀಪ ಹತ್ತಿತು.