ಎರಡನೆಯ ಚಾವಿ

ಟ್ರಂಕು ಬಂದದ್ದು ಶುಕ್ರವಾರ. ಲತೀಫ ಬರಲಿಲ್ಲ. ಅವನನ್ನು ಮುಂಬಯಿಯಲ್ಲೇ ಮಣ್ಣು ಮಾಡಿ ಒಂದು ತಿಂಗಳಾಗಿತ್ತು. ಭದ್ರಾವತಿ ಸ್ಟೇಷನ್ನಿನಿಂದ ಜಟಕಾದಲ್ಲಿ ತಂದ ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸಿ, ತಲೆಯ ಟೋಪಿ ಸರಿಮಾಡಿಕೊಂಡು, ಅಲ್ಲಾಬಕ್ಷ್ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮಗನ ಮಯ್ಯತ್ತಿನ ಪಕ್ಕ ಕೂರುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಬರೆದದ್ದು ಇಷ್ಟೇ.

ಟ್ರಂಕಿಗಿಂತ ಮೊದಲೇ ಕಾಗದ ಬಂದಿತ್ತು. ಇಂಗ್ಲಿಷ್ ಕಾಗದ. ಶಿವಮೊಗ್ಗದ ಕೋಟೆಯ ಹತ್ತಿರ ಸಿಪಾಯಿಗಳ ಮನೆಯವರ ಅರ್ಜಿ ನೋಡುವ ಕಚೇರಿಯೊಂದಿತ್ತು. ಅಲ್ಲಿಯ ಗುಮಾಸ್ತ ಯಜ್ಞನಾರಾಯಣ ಅದನ್ನು ಓದಿ, ಬಾಯಿಬಿಟ್ಟು ಹೇಳಲಾರದೆ, ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದರು. ಅಲ್ಲಾಬಕ್ಷನಿಗೆ ಅಕ್ಷರ ಬಾರದು. ಏಳನೇ ಕ್ಲಾಸು ಓದಿದ್ದ ಸೊಸೆ ಹಾಜರಾ ಮನೆಯಲ್ಲಿ ಓದಿದಳು: “ಹಡಗಿನ ಫಿರಂಗಿ ಗೋಪುರದೊಳಗೆ ಇಳಿಯುವ ಮುನ್ನ ಕಾವಲು ಚಾವಿಯನ್ನು ತೆಗೆದುಕೊಳ್ಳದೆ, ತನ್ನದೇ ಅಜಾಗರೂಕತೆಯಿಂದ ಮರಣ ಹೊಂದಿರುತ್ತಾನೆ.”

ಅಜಾಗರೂಕತೆ! ಕೂಲಿಯವನು ಸಾಯಲಿ, ಗಣಿಯವನು ಸಾಯಲಿ, ಸಿಪಾಯಿ ಸಾಯಲಿ, ದೊಡ್ಡವರ ಮೇಜಿನ ಮೇಲೆ ಈ ಒಂದು ಪದ ಮೊಹರಿನ ಹಾಗೆ ಸಿದ್ಧವಾಗಿ ಕೂತಿರುತ್ತದೆ. ಕುಟ್ಟಿದರಾಯಿತು. ಗೋರಿಯಿಂದ ಎದ್ದು ಬಂದು ಅಲ್ಲ ಎನ್ನುವವರು ಯಾರಿದ್ದಾರೆ?

“ಬೇರೆ ಏನಾದ್ರೂ ಬರೀಲಿ,” ಎಂದಿದ್ದ ಅಲ್ಲಾಬಕ್ಷ್. “ನನ್ನ ಮಗ ಚಾವಿ ಮರ್ತ ಅಂದ್ರೆ ಮಾತ್ರ ನಾನು ಒಪ್ಪಲ್ಲ. ಆ ಮಾತನ್ನ ಅಳಿಸಲೇಬೇಕು.”

ಆ ನಂಬಿಕೆಗೆ ಕಾರಣವಿತ್ತು. ಹೊಳೆಹೊನ್ನೂರು ರಸ್ತೆಯಲ್ಲಿ ಗಂಗಾಧರಪ್ಪ ಎಂಬವರ ಗುಜರಿ ಶೆಡ್ಡಿನಲ್ಲಿ ಅಲ್ಲಾಬಕ್ಷ್ ಇಪ್ಪತ್ತು ವರ್ಷದಿಂದ ಫಿಟ್ಟರು. ಹಳೆಯ ತಗಡು, ತಂತಿಗಳನ್ನೆಲ್ಲ ಎಣ್ಣೆಯ ಒತ್ತಡದಿಂದ ಹಿಂಡಿ ಪೆಂಡಿ ಕಟ್ಟುವ ದೊಡ್ಡ ಪ್ರೆಸ್ಸು ಅಲ್ಲಿತ್ತು. ಲತೀಫ ಆ ಎಣ್ಣೆಯ ವಾಸನೆಯಲ್ಲೇ ಬೆಳೆದವನು. ಯುದ್ಧದ ಹಡಗಿಗೆ ಸೇರಿದಾಗ, ಪೈಪಿನ ಮೇಲೆ ಕೈಯಿಟ್ಟು ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲ ಹುಡುಗ ಎಂದು ಅವನನ್ನು ಫಿರಂಗಿ ತಿರುಗಿಸುವ ಯಂತ್ರಕ್ಕೇ ಹಾಕಿದ್ದರು.

ಹೋದ ವರ್ಷ ರಜಕ್ಕೆ ಬಂದವನು ಅದನ್ನೆಲ್ಲ ಅಡಿಗೆಮನೆಯಲ್ಲೇ ವಿವರಿಸಿದ್ದ. ಬೀಸುಕಲ್ಲಿನ ಮೇಲೆ ಮೂರು ನುಗ್ಗೆಕಾಯಿ ಜೋಡಿಸಿ, “ನೋಡಿ ಅಬ್ಬಾ, ಇದೇ ಗೋಪುರ, ಇವು ನಳಿಗೆ,” ಎಂದ. “ನೂರೈವತ್ತು ಟನ್ನಿನ ಮೇಲೆ ತೂಕ. ಸಣ್ಣ ಹಿಡಿ ಎಳೆದ್ರೆ ಸಾಕು, ಎಣ್ಣೆ ನುಗ್ಗಿ ಬೆಣ್ಣೆ ತರ ತಿರುಗುತ್ತೆ. ನಿಮ್ಮ ಪ್ರೆಸ್ಸಿಗೆ ದೊಡ್ಡಪ್ಪ ಅನ್ಕೊಳ್ಳಿ.”

“ತಿರುಗ್ತಾ ತಿರುಗ್ತಾ ನಿಮ್ಮ ಸಾಹೇಬ್ರ ಕಡೆಗೇ ಮುಖ ಮಾಡಿದ್ರೆ?” ಹಾಜರಾ ಒಲೆಯ ಮುಂದಿನಿಂದ ಕೇಳಿದಳು.

ಲತೀಫ ನಕ್ಕು ಉಪ್ಪಿನ ಭರಣಿಯನ್ನು ಕಲ್ಲಿನ ಪಕ್ಕದಲ್ಲಿಟ್ಟ. “ಇದು ಸಾಹೇಬ್ರು ನಿಲ್ಲೋ ಅಟ್ಟ. ನಳಿಗೆ ಈ ಕಡೆ ಬಂತೋ, ಕೆಳಗೆ ಒಂದು ಹಲ್ಲು ಸಿಕ್ಕೊಳ್ಳುತ್ತೆ. ಆಮೇಲೆ ಯಾರು ಎಷ್ಟು ಒತ್ತಿದ್ರೂ ಗುಂಡು ಹಾರಲ್ಲ. ಭಾರೀ ಮರ್ಯಾದಸ್ಥ ಫಿರಂಗಿ, ಮಾರಾಯ್ತಿ.”

“ಅಟ್ಟದ ಮೇಲಿರೋರಿಗಾಯ್ತು. ಹೊಟ್ಟೆ ಒಳಗೆ ಇಳಿಯೋ ನಿನಗೆ?” ಅಲ್ಲಾಬಕ್ಷ್ ಕೇಳಿದ.

“ನಮಗೆ ಚಾವಿ ಇದೆ ಅಬ್ಬಾ. ಇಳಿಯೋ ಮೊದಲು ಎಣ್ಣೆ ಬರೋ ದಾರಿಗೆ ಚಾವಿ ತಿರುಗಿಸಿ ಕಿತ್ಕೋತೀನಿ. ದಾರಿ ಬಂದ್. ನಾನು ಹತ್ತಿ ಬಂದು ಚಾವಿ ವಾಪಸ್ ಹಾಕೋತನಕ ಗೋಪುರ ಒಂದು ಕೂದಲೆಳೆ ಅಲ್ಲಾಡಲ್ಲ.”

“ಜೇಬಲ್ಲಿ ಇಡ್ಬೇಡ. ಬಗ್ಗಿದ್ರೆ ಬಿದ್ದೋಗುತ್ತೆ. ಮೈಗೆ ತಾಗ್ತಿರ್ಬೇಕು.”

ಅವತ್ತು ಮಧ್ಯಾಹ್ನವೇ ಹಾಜರಾ ಗಂಡನ ಬನೀನುಗಳಿಗೆ ಒಳಗಡೆಯಿಂದ ಚೋರ್‌ಜೇಬು ಹೊಲಿದಳು. ಎಡಪಕ್ಕೆಗೆ, ಮೇಲೊಂದು ಗುಂಡಿ. ಸಂತೆಗೆ ಹೋಗುವ ಗಂಡಸರಿಗೆ ಆಯನೂರಿನಲ್ಲಿ ಅವಳ ತಾಯಿ ಹೊಲಿದುಕೊಡುತ್ತಿದ್ದ ಹಾಗೆಯೇ.

ಈಗ ಟ್ರಂಕು ತೆರೆದಾಗ, ಮಡಿಸಿಟ್ಟ ಬಿಳಿ ಸಮವಸ್ತ್ರ, ಕನ್ನಡಿ, ಬಾಚಣಿಗೆಗಳ ಅಡಿಯಲ್ಲಿ, ಸಾಯುವ ದಿನ ಮೈಮೇಲಿದ್ದ ಬಟ್ಟೆಗಳ ಗಂಟಿತ್ತು. ಆಸ್ಪತ್ರೆಯಲ್ಲಿ ಒಗೆದಿದ್ದರು. ಒಗೆದರೂ ಬನೀನಿನ ಬಲಭುಜದಿಂದ ಕೆಳಕ್ಕೆ ಕಂದು ಕಲೆ ಹಾಗೇ ಇತ್ತು. ಹಾಜರಾ ಅದನ್ನು ಮಡಿಲಿಗೆ ಹಾಕಿಕೊಂಡಳು. ಅಳಲಿಲ್ಲ. ಕೈ ತಾನೇ ಹೊಲಿದ ಹೊಲಿಗೆಯನ್ನು ಹುಡುಕಿ ಹೋಯಿತು. ಗುಂಡಿ ಹಾಕಿದಂತೆಯೇ ಇತ್ತು. ಒಳಗೆ ಏನೋ ಗಟ್ಟಿ.

“ಮಾಮು! ಚಾವಿ ಮಾಮು! ಇಲ್ಲೇ ಇದೆ! ಅವ್ರು ಮರ್ತಿರ್ಲಿಲ್ಲ!”

ಸಾವಿನ ಮನೆಯಲ್ಲಿ ಅಂಥ ಕೂಗು ಯಾರೂ ಕೇಳಿರಲಾರರು. ಅದು ಸಂತೋಷದ ಕೂಗು. ಅಲ್ಲಾಬಕ್ಷ್ ಚಾವಿಯನ್ನು ಕಿತ್ತುಕೊಂಡವನಂತೆ ತೆಗೆದುಕೊಂಡ. ಹೆಬ್ಬೆಟ್ಟಿನಷ್ಟು ಉದ್ದದ ಹಿತ್ತಾಳೆ, ತಲೆಯ ಮೇಲೆ ನಂಬರು ಕೊರೆದಿತ್ತು. ಅರ್ಧ ಗಳಿಗೆ ಅವನ ಮುಖವೂ ಅರಳಿತು. ಆಮೇಲೆ ಚಾವಿಯ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿದ. ನೋಡುತ್ತ ನೋಡುತ್ತ ಮೂರು ದಿನದ ಹೆಣದ ಬಣ್ಣಕ್ಕೆ ತಿರುಗಿದ.

ಇದು ಹಡಗಿನ ಚಾವಿ. ಲತೀಫನ ಜೇಬಿನಲ್ಲೇ ಇತ್ತು. ಹಾಗಾದರೆ ಗೋಪುರ ತಿರುಗಿದ್ದು ಯಾವುದರಿಂದ?

“ಬೇಟಿ,” ಎಂದ, ಸ್ವರ ತನ್ನದಲ್ಲ ಎಂಬಂತೆ. “ಹೋದ ಚೈತ್ರದಲ್ಲಿ ಬಂದಿತ್ತಲ್ಲ, ಸೋಪಿನ ಜೊತೆ, ಆ ಕಾಗದ ತಗೊಂಡ್ ಬಾ. ಇನ್ನೊಂದ್ಸಲ ಓದು.”

ಅವಳು ಆ ಕಾಗದವನ್ನು ಆಗಲೇ ಹತ್ತು ಸಲ ಓದಿದ್ದಳು, ಹೆಮ್ಮೆಯಿಂದ. ಈಗ ಹನ್ನೊಂದನೆಯ ಸಲ.

“...ಡ್ರಿಲ್ಲಿನಲ್ಲಿ ನಮ್ಮ ಗೋಪುರ ಹಿಂದೆ ಬೀಳುತ್ತಿದೆ ಅಬ್ಬಾ. ಒಳಗಿದ್ದವನು ಹತ್ತಿ ಬಂದು ಚಾವಿ ಕೊಡುವವರೆಗೆ ಮೂರು ನಿಮಿಷ ಹೋಗುತ್ತದೆ. ಸಾಹೇಬರು ಗಡಿಯಾರ ಹಿಡಿದು ಬೈಯುತ್ತಾರೆ. ಇನ್ನೊಂದು ಚಾವಿ ಹಿಡಿಯ ಪಕ್ಕ ನೇತಾಡುತ್ತಿರಲಿ, ಹಡಗಿನಲ್ಲಿ ಮಾಡಿಸಿದರೆ ಲೆಕ್ಕದ ಪುಸ್ತಕಕ್ಕೆ ಬರುತ್ತದೆ, ನಿಮ್ಮಪ್ಪ ಫಿಟ್ಟರಲ್ಲವೇ, ಊರಿಂದ ತರಿಸು ಎಂದರು. ಬಟ್ಟೆ ಸೋಪಿನಲ್ಲಿ ಅಚ್ಚು ತೆಗೆದು ಕಳಿಸಿದ್ದೇನೆ...”

ಹಾಜರಾ ಅಲ್ಲಿಗೆ ನಿಲ್ಲಿಸಿದಳು.

ಭದ್ರಾವತಿಯ ಯಾವ ಸಣ್ಣ ಶೆಡ್ಡಿಗೆ ಹೋದರೂ ಎರಡನೆಯ ಚಾವಿ ಒಂದು ಮೊಳೆಗೆ ನೇತಾಡುತ್ತಿರುತ್ತದೆ. ಕೆಲಸ ನಿಲ್ಲಬಾರದು ಎಂಬುದು ಧಣಿಗಳ ಧರ್ಮ. ಗಂಗಾಧರಪ್ಪನವರ ಪ್ರೆಸ್ಸಿಗೂ ಒಂದನ್ನು ಅಲ್ಲಾಬಕ್ಷನೇ ಮಾಡಿಕೊಟ್ಟಿದ್ದ. ಆದ್ದರಿಂದ ಮಗನ ಸೋಪು ಬಂದಾಗ ಅವನಿಗೆ ಭಯವಾಗಲಿಲ್ಲ, ಎದೆ ಉಬ್ಬಿತು. ಎರಡು ಭಾನುವಾರ ಕೂತು, ಅರದಿಂದ ಉಜ್ಜಿ ಉಜ್ಜಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಚಾವಿ ಮಾಡಿದ. ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ. “ಸಮುದ್ರದ ಮೇಲೆ ಭದ್ರಾವತಿ ಕೈಕೆಲಸ!” ಎಂದ. ಅಂಚೆಗೆ ಹಾಕಿದ. ಹಾಕಿದ ಕೂಡಲೇ ಕೂತಿತು, ಸಾಹೇಬರು ನಿಮ್ಮ ಕೈಯನ್ನು ಹೊಗಳಿದರು ಎಂದು ಮಗ ಉತ್ತರ ಬರೆದಿದ್ದ.

“ಅದನ್ನ ಹಾಕಿ ತಿರುಗಿಸಿದಾರೆ,” ಎಂದ ಅಲ್ಲಾಬಕ್ಷ್. “ಅವನು ಒಳಗಿರುವಾಗ. ನಾನು ಮಾಡಿದ್ದನ್ನ.”

ಹಾಜರಾ ಮಾವನ ಕೈಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬನೀನನ್ನು ಮಡಿಸಿಕೊಂಡು ಒಳಗೆ ಹೋದಳು. ಊಟಕ್ಕೆ ಕರೆದಳು, ನೀರಿಟ್ಟಳು, ಎಲ್ಲ ಮಾಡಿದಳು. ಆದರೆ ಅವತ್ತಿನಿಂದ ಅವಳ ಬಾಯಲ್ಲಿ ಮಾಮು ಎಂಬ ಮಾತು ಬರಲಿಲ್ಲ.

ಸೋಮವಾರ ಅಲ್ಲಾಬಕ್ಷ್ ಚಾವಿ ಮತ್ತು ಕಾಗದ ಹಿಡಿದು ಶಿವಮೊಗ್ಗದ ಕಚೇರಿಗೆ ಹೋದ. ಯಜ್ಞನಾರಾಯಣ ಎರಡನ್ನೂ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಾಬ್ರೆ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಚಾವಿ ತೋರಿಸಿದ್ರೆ, ಹಾಗಾದ್ರೆ ಇನ್ನೊಂದು ಎಲ್ಲಿಂದ ಬಂತು ಅಂತಾರೆ. ಈ ಕಾಗದ ತೋರಿಸಿದ್ರೆ, ಸತ್ತೋನೇ ಕಳ್ಳಚಾವಿ ತರಿಸ್ದ ಅಂತಾರೆ. ಈಗ ಬರೀ ಅಜಾಗರೂಕ. ಆಮೇಲೆ ಅಪರಾಧಿ.”

“ತರಿಸಿದ್ದು ಅವನು, ಮಾಡಿದ್ದು ನಾನು. ಮಾಡಿಸಿದ್ದು ಯಾರು ಸ್ವಾಮಿ? ಮೂರನ್ನೂ ಬರೀರಿ. ನನ್ನ ಹೆಸರು ಮೊದಲು ಹಾಕಿ. ಜೈಲಿಗೆ ಕಳಿಸ್ತಾರಾ, ಕಳಿಸ್ಲಿ. ಆದ್ರೆ ಚಾವಿ ಅವನ ಜೇಬಲ್ಲಿತ್ತು ಅಂತ ಒಂದು ಸಾಲು ಅವರ ಕಾಗದದಲ್ಲಿ ಬರ್ಬೇಕು.”

ಯಜ್ಞನಾರಾಯಣ ಬರೆದರು. ಮೂರು ಪುಟ. ಚಾವಿಯನ್ನು ಮಾತ್ರ ಕಳಿಸಲಿಲ್ಲ. “ಇದು ನಿಮ್ಮ ಹತ್ರನೇ ಇರ್ಲಿ. ಕೈಬಿಟ್ರೆ ಹೋಯ್ತು,” ಎಂದು ಹಿಂದಕ್ಕೆ ಕೊಟ್ಟರು.

ಉತ್ತರ ಬರಲು ನಾಲ್ಕು ತಿಂಗಳಾಯಿತು. ಯಜ್ಞನಾರಾಯಣರೇ ಅದನ್ನು ಓದಿ ಹೇಳಿದರು. ಹಡಗಿನಲ್ಲಿ ಎರಡನೆಯ ಚಾವಿ ಎಂಬುದು ಎಂದೂ ಇರಲಿಲ್ಲ. ಹಿಂದಿನ ತೀರ್ಮಾನದಲ್ಲಿ ಬದಲಾವಣೆ ಇಲ್ಲ. ಅರ್ಜಿದಾರನ ಬಳಿ ಇರುವ ಚಾವಿ ಸರ್ಕಾರದ ಸ್ವತ್ತಾದ್ದರಿಂದ ಕೂಡಲೇ ಕಚೇರಿಗೆ ಒಪ್ಪಿಸತಕ್ಕದ್ದು.

ಇರಲೇ ಇಲ್ಲವಂತೆ! ಸಮುದ್ರಕ್ಕಿಂತ ದೊಡ್ಡ ಬಾಯಿ ಯಾವುದಿದೆ? ಎರಡು ಭಾನುವಾರದ ಕೈಕೆಲಸ ಯಾವ ನೀರಿನ ತಳದಲ್ಲಿ ಬಿದ್ದಿದೆಯೋ. ಫಿರಂಗಿಗೆ ಸಾಹೇಬರ ಅಟ್ಟ ಕಂಡರೆ ಹಲ್ಲು ಕಚ್ಚಿಕೊಳ್ಳುವ ಬುದ್ಧಿ ಕಲಿಸಿದವರು, ಕಾಗದಕ್ಕೂ ಅದೇ ಬುದ್ಧಿ ಕಲಿಸಿದ್ದರು. ಎತ್ತ ತಿರುಗಿದರೂ ಅವರ ಕಡೆ ಗುಂಡು ಹಾರದು.

ಮರುದಿನ ಬೆಳಿಗ್ಗೆ ಅಲ್ಲಾಬಕ್ಷ್ ಎಂದಿನಂತೆ ಶೆಡ್ಡಿಗೆ ಹೋದ. ಪ್ರೆಸ್ಸಿನ ಬಾಯಲ್ಲಿ ತಂತಿಯ ಉಂಡೆ ಸಿಕ್ಕಿಕೊಂಡಿತ್ತು. ಕೆಲಸಗಾರ ಉಜ್ಜನಪ್ಪ ಚಾವಿ ಕಿತ್ತು ಉಡಿದಾರಕ್ಕೆ ಸಿಕ್ಕಿಸಿಕೊಂಡು ಒಳಗೆ ಇಳಿದಿದ್ದ. ಸೊಂಟದವರೆಗೂ ಕಾಣುತ್ತಿರಲಿಲ್ಲ. ಎರಡು ಕಾಲು ಮಾತ್ರ ಹೊರಗೆ.

ಗಂಗಾಧರಪ್ಪ ಬಾಗಿಲಿನಿಂದ ಕೂಗಿದರು. “ಲಾರಿ ನಿಂತಿದೆ, ಇನ್ನೂ ಎಷ್ಟೊತ್ತು ಮಾರಾಯ? ಸಾಬ್ರೆ, ಮೊಳೆ ಮೇಲಿರೋ ಚಾವಿ ಹಾಕಿ ಎಣ್ಣೆ ಬಿಡಿ, ಬಿಸಿ ಆಗ್ತಿರ್ಲಿ. ಅಷ್ಟರಲ್ಲಿ ಅವನು ಬರ್ತಾನೆ.”

ಹೀಗೇ ಹೇಳಿರಬೇಕು ಅಲ್ಲಿಯೂ. ಸಿಟ್ಟಿನಿಂದಲ್ಲ, ದ್ವೇಷದಿಂದಲ್ಲ. ಅಷ್ಟರಲ್ಲಿ ಅವನು ಬರ್ತಾನೆ ಎಂದು.

ಅಲ್ಲಾಬಕ್ಷ್ ಮೊಳೆಯಿಂದ ಚಾವಿ ತೆಗೆದುಕೊಂಡ. ನೆಟ್ಟಗೆ ಹೋಗಿ ಅದನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಅರ ಎತ್ತಿಕೊಂಡು ಒಂದೊಂದೇ ಹಲ್ಲನ್ನು ಉಜ್ಜತೊಡಗಿದ. ಹಿತ್ತಾಳೆಯ ಪುಡಿ ಅವನ ಅಂಗೈಗೆ ಉದುರಿತು.

“ಏನ್ ಮಾಡ್ತಿದೀರ್ರಿ? ತಲೆ ಕೆಟ್ಟಿದ್ಯಾ?”

“ಕೆಟ್ಟಿತ್ತು ಯಜಮಾನ್ರೆ. ಇಪ್ಪತ್ತು ವರ್ಷ.”

ಗದ್ದಲ ಕೇಳಿ ಉಜ್ಜನಪ್ಪ ಹಿಂದಕ್ಕೆ ತೆವಳಿ ತಲೆ ಎತ್ತಿದ. ಮುಖವೆಲ್ಲ ಎಣ್ಣೆ. “ಏನಾಯ್ತು ಉಸ್ತಾದ್?”

“ಏನೂ ಆಗ್ಲಿಲ್ಲ ಕಣೋ,” ಎಂದ ಅಲ್ಲಾಬಕ್ಷ್. ಮಗ ಹೋದ ಈ ಐದು ತಿಂಗಳಲ್ಲಿ ಮೊದಲ ಸಲ, ಅರ ಕೈಯಲ್ಲಿರುವಂತೆಯೇ, ಎಲ್ಲರ ಎದುರು ಅತ್ತ. “ಏನೂ ಆಗ್ಲಿಲ್ಲ.”

“ನಾಳೆಯಿಂದ ಬರೋದು ಬೇಡ,” ಎಂದರು ಗಂಗಾಧರಪ್ಪ. “ಇನ್ನೊಂದು ಮಾಡ್ಕೊಡೋಕೆ ಬೇರೆ ಫಿಟ್ಟರ್ ಸಿಗ್ತಾನೆ.”

“ಸಿಗ್ತಾನೆ. ನಮ್ಮೋನೇ ಸಿಗ್ತಾನೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಸುಮ್ನೆ ಹೇಳಿದಾರಾ?”

ಹಲ್ಲಿಲ್ಲದ ಚಾವಿಯನ್ನು ಉಜ್ಜನಪ್ಪನ ಕೈಗಿಟ್ಟು ಅವನು ಮನೆಗೆ ಬಂದ.

ಹಡಗಿನ ಚಾವಿ ಒಪ್ಪಿಸಲು ಹಾಜರಾಳೂ ಹೊರಟಳು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಕಚೇರಿಯಲ್ಲಿ ಯಜ್ಞನಾರಾಯಣ ರಸೀತಿ ಪುಸ್ತಕ ತೆರೆದು, “ಹಿತ್ತಾಳೆ ಚಾವಿ, ಒಂದು” ಎಂದು ಬರೆದರು.

“ಎಲ್ಲಿ ಸಿಕ್ತು ಅಂತ ಬರೀಲಿಲ್ವಲ್ಲ ಸ್ವಾಮಿ,” ಹಾಜರಾ ಬುರ್ಖಾದ ಒಳಗಿಂದ ಕೇಳಿದಳು.

“ರಸೀತಿಯಲ್ಲಿ ಅದಕ್ಕೆ ಜಾಗ ಇಲ್ಲ ತಾಯಿ.”

“ಹಂಗಾದ್ರೆ ಚಾವಿನೂ ಇಲ್ಲ.” ಮೇಜಿನ ಮೇಲಿದ್ದ ಚಾವಿಯ ಮೇಲೆ ಅವಳು ಅಂಗೈ ಇಟ್ಟಳು. ಇನ್ನೊಂದು ಕೈಯಿಂದ ಗಂಟು ಬಿಚ್ಚಿ ಬನೀನನ್ನು ಹರಡಿದಳು. “ಈ ಜೇಬು ಹೊಲಿದಿದ್ದು ನಾನು. ಗುಂಡಿ ಬಿಚ್ಚಿದ್ದೂ ನಾನು. ಸರ್ಕಾರದ್ದೇ ಸ್ವತ್ತು ಅಂದ್ರಲ್ಲ, ಸರ್ಕಾರದ ಸ್ವತ್ತು ಯಾರ ಮೈಮೇಲಿತ್ತು ಅಂತ ಸರ್ಕಾರನೇ ಬರ್ಕೊಡ್ಲಿ.”

ಯಜ್ಞನಾರಾಯಣ ಕಲೆಯನ್ನು ನೋಡಿದರು. ನಿವೃತ್ತಿಗೆ ಇನ್ನೊಂದೂವರೆ ವರ್ಷವಿದ್ದ ಮನುಷ್ಯ. ಬಾಗಿಲ ಕಡೆ ಒಮ್ಮೆ ನೋಡಿ, ಲೇಖನಿಯನ್ನು ಮಸಿಗೆ ಅದ್ದಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತ ಹೋದರು. ಬರೆದದ್ದನ್ನು ಓದಿ ಹೇಳಿದರು: “ಮೃತ ಲತೀಫರು ಮರಣಕಾಲದಲ್ಲಿ ಧರಿಸಿದ್ದ ಬನೀನಿನ ಒಳಜೇಬಿನಲ್ಲಿ, ಗುಂಡಿ ಹಾಕಿದ ಸ್ಥಿತಿಯಲ್ಲಿ ದೊರೆತ, ಫಿರಂಗಿ ಗೋಪುರದ ಕಾವಲು ಚಾವಿಯನ್ನು ಸ್ವೀಕರಿಸಲಾಗಿದೆ.” ಕೆಳಗೆ ಸಹಿ. ಅದರ ಮೇಲೆ ದುಂಡು ಮೊಹರು, ಎರಡು ಸಲ ಕುಟ್ಟಿದರು. ಮೊದಲನೆಯದು ಸರಿಯಾಗಿ ಮೂಡಿರಲಿಲ್ಲ.

ಭದ್ರಾವತಿ ಬಸ್ಸಿನಲ್ಲಿ ಹಾಜರಾ ರಸೀತಿಯನ್ನು ನಾಲ್ಕು ಮಡಿಕೆ ಮಾಡಿ ಚೋರ್‌ಜೇಬಿಗೆ ಹಾಕಿ, ಗುಂಡಿ ಹಾಕಿದಳು. ಬನೀನು ಮಡಿಲಲ್ಲಿತ್ತು. ಮುಂಬಯಿಯ ತೀರ್ಮಾನ ಅಲ್ಲೇ ಇತ್ತು, ಒಂದಕ್ಷರ ಅಳಿಸಿರಲಿಲ್ಲ. ಗೋರಿಯನ್ನು ಅವರಿಬ್ಬರೂ ಕಂಡಿರಲಿಲ್ಲ. ಪಕ್ಕದಲ್ಲಿ ಕೂತ ಅಲ್ಲಾಬಕ್ಷನ ಅಂಗೈ ಗೆರೆಗಳಲ್ಲಿ ಹಿತ್ತಾಳೆಯ ಪುಡಿ ಇನ್ನೂ ಮಿನುಗುತ್ತಿತ್ತು. ಎರಡು ಸಲ ಸೋಪು ಹಾಕಿ ತೊಳೆದಿದ್ದ.

ಊರು ಬಂತು. ಅವಳು ಎದ್ದು ಮುಂದೆ ಹೋಗಿ, ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದಳು.

“ಇಳೀರಿ,” ಎಂದಳು.

ಅದರ ಹಿಂದೆ ಬರಬೇಕಾಗಿದ್ದ ಮಾಮು ಎಂಬ ಮಾತಿಗಾಗಿ ಅವನು ಸೀಟಿನಲ್ಲೇ ಒಂದು ಗಳಿಗೆ ಕಾದ. ಕಂಡಕ್ಟರು ಸೀಟಿ ಊದಿದ. ಅಲ್ಲಾಬಕ್ಷ್ ಕೈಗಳನ್ನು ಶರಟಿನ ಜೇಬಿಗೆ ತುರುಕಿಕೊಂಡು ಇಳಿದ.